ಇರೋದು ನಾಲ್ಕೇ ದಿನ: ಅರುಣಾಚಲವೋ, ಪುದುಚೇರಿಯೋ?

ಜನವರಿಯಲ್ಲಿ ನಮಗೆ ಸಿಕ್ಕಿದ್ದು ನಾಲ್ಕು ದಿನ ರಜೆ. ನನಗೆ ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ ಅರುಣಾಚಲ ಬೆಟ್ಟದ ಬುಡದಲ್ಲಿರುವ ರಮಣಾಶ್ರಮಕ್ಕೆ ಹೋಗಬೇಕಿತ್ತು. ಅಮ್ಮನ ದೇವರಮನೆಯಲ್ಲಿ ಚಿಕ್ಕಂದಿನಿಂದ ನೋಡಿದ ರಮಣ ಮಹರ್ಷಿಗಳ ಫೋಟೋ ಆ ಆಸೆ ಹುಟ್ಟಿಸಿತ್ತು. ನಮ್ಮೆಜಮಾನರಿಗೂ ಹನ್ನೆರಡು ವರ್ಷದ ಮಗನಿಗೂ ಪುದುಚೇರಿಯ ಸಮುದ್ರ ಬೇಕಿತ್ತು. ಮ್ಯಾಪ್ ನೋಡಿದರೆ ಎರಡೂ ಊರಿನ ನಡುವೆ ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಅಷ್ಟೆ. ಎರಡೂ ಆಗಿಹೋಗಲಿ ಅಂದುಕೊಂಡೆವು. ಹಾಗೆ ಮಾಡಬಾರದಿತ್ತು. ಇದೇ ಲೆಕ್ಕಾಚಾರದಲ್ಲಿ ಇರುವವರಿಗಾಗಿ ಬರೆಯುತ್ತಿದ್ದೇನೆ.

ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ಊತಂಗರೈ, ಚೆಂಗಂ ದಾರಿಯಲ್ಲಿ ತಿರುವಣ್ಣಾಮಲೈ ಸುಮಾರು 200 ಕಿ.ಮೀ. ಬೆಳಗ್ಗೆ ಐದಕ್ಕೆ ಹೊರಟರೆ ಹತ್ತರೊಳಗೆ ತಲುಪಬಹುದು. ಚೆಂಗಂ ದಾಟಿದ ಮೇಲೆ ಬೆಟ್ಟ ಕಾಣಿಸತೊಡಗುತ್ತದೆ. ಅಲ್ಲಿಂದ ಮುಂದೆ ನಾನು ಬೇರೇನನ್ನೂ ನೋಡಲಿಲ್ಲ.

ಆಶ್ರಮದಲ್ಲಿ ಉಳಿಯಬೇಕೆಂದರೆ ಮೊದಲೇ ಬರೆದು ಕೇಳಬೇಕು. ನಾನು ಎರಡು ತಿಂಗಳು ಮುಂಚೆ ಇಮೇಲ್ ಮಾಡಿದ್ದೆ, ಎರಡು ರಾತ್ರಿಗೆ ಕೋಣೆ ಸಿಕ್ಕಿತು. ಬಾಡಿಗೆಯಿಲ್ಲ, ಕೈಲಾದ ಕಾಣಿಕೆ ಕೊಡಬಹುದು. ಆದರೆ ಅಲ್ಲಿಯ ವೇಳಾಪಟ್ಟಿಗೆ ನಾವು ಹೊಂದಿಕೊಳ್ಳಬೇಕು. ಏಳಕ್ಕೆ ತಿಂಡಿ, ಹನ್ನೊಂದೂವರೆಗೆ ಊಟ, ರಾತ್ರಿ ಊಟ ಏಳೂವರೆಗೆ. ಗಂಟೆ ಹೊಡೆದಾಗ ಹೋಗಿ ನೆಲದ ಮೇಲೆ ಸಾಲಾಗಿ ಕೂರಬೇಕು. ಎಲೆಯ ಮೇಲೆ ಬಿಸಿ ಅನ್ನ, ಸಾಂಬಾರು, ರಸಂ, ಕೊನೆಗೆ ಮಜ್ಜಿಗೆ. ನೆಲದ ಮೇಲೆ ಕೂರಲಾಗದ ಹಿರಿಯರು ಜೊತೆಗಿದ್ದರೆ ಬರೆಯುವಾಗಲೇ ತಿಳಿಸಿ.

ಇಡೀ ಪ್ರವಾಸದಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಹಳೇ ಹಾಲ್. ಮಹರ್ಷಿಗಳು ವರ್ಷಾನುಗಟ್ಟಲೆ ಕೂತಿದ್ದ ಕೋಣೆ ಅದು. ಅವರ ಮಂಚದ ಮೇಲೆ ಈಗ ಅವರ ಚಿತ್ರವಿದೆ. ಒಳಗೆ ಹೋದವಳು ಗೋಡೆಗೊರಗಿ ಕೂತೆ. ಹೊರಗೆ ನವಿಲು ಕೂಗುತ್ತಿತ್ತು. ಪಕ್ಕದಲ್ಲಿದ್ದ ವೃದ್ಧರೊಬ್ಬರು ಎದ್ದು ಹೋಗುವಾಗ ತಮ್ಮ ಚಾಪೆಯನ್ನು ಒಂದು ಚೂರೂ ಸದ್ದಾಗದಂತೆ ಸುತ್ತಿದರು. ಅದನ್ನು ನೋಡುತ್ತ ನೋಡುತ್ತ ನನ್ನ ಉಸಿರೂ ನಿಧಾನವಾಯಿತು. ಎದ್ದು ಗಡಿಯಾರ ನೋಡಿದರೆ ಒಂದೂಕಾಲು ಗಂಟೆ ಕಳೆದಿತ್ತು.

ಅಷ್ಟು ಹೊತ್ತೂ ಮಗ ಹೊರಗೆ ಕೋತಿಗಳನ್ನು ಎಣಿಸುತ್ತ ಕೂತಿದ್ದ. ಮೊದಲ ದಿನ ಚೆನ್ನಾಗಿಯೇ ಇದ್ದ. ಎರಡನೇ ದಿನ ಮಧ್ಯಾಹ್ನ "ಅಮ್ಮ, ಇಲ್ಲಿ ಮಾಡೋದೇನು?" ಅಂತ ಕೇಳಿದ. ತಪ್ಪು ಅವನದಲ್ಲ, ಏನೂ ಮಾಡದೆ ಇರಲೆಂದೇ ಜನ ಅಲ್ಲಿಗೆ ಬರುತ್ತಾರೆ. ಆ ವಯಸ್ಸಿನ ಮಕ್ಕಳನ್ನು ಒತ್ತಾಯ ಮಾಡಿ ಕರೆದೊಯ್ಯಬೇಡಿ.

ಗಿರಿಪ್ರದಕ್ಷಿಣೆ 14 ಕಿ.ಮೀ. ಬರಿಗಾಲಲ್ಲಿ ನಡೆಯುವುದಾದರೆ ಬೆಳಗಿನ ಜಾವ ನಾಲ್ಕಕ್ಕೇ ಹೊರಡಿ, ಬಿಸಿಲೇರಿದರೆ ಡಾಂಬರು ಅಂಗಾಲು ಸುಡುತ್ತದೆ. ದಾರಿಯುದ್ದಕ್ಕೂ ಅಷ್ಟಲಿಂಗಗಳ ಗುಡಿಗಳಿವೆ, ಕಾಫಿ ಅಂಗಡಿಗಳಿವೆ. ಹುಣ್ಣಿಮೆಗೆ ಜನಸಾಗರ. ಶಾಂತಿ ಬೇಕೆಂದು ಹೋಗುವವರು ಹುಣ್ಣಿಮೆಯನ್ನೂ ಕಾರ್ತಿಕ ದೀಪದ ದಿನಗಳನ್ನೂ ಬಿಟ್ಟು ಹೋಗಿ. ಮಹರ್ಷಿಗಳು ಹಿಂದೆ ವಾಸವಿದ್ದ, ಬೆಟ್ಟದ ಮೇಲಿನ ಸ್ಕಂದಾಶ್ರಮಕ್ಕೆ ಆಶ್ರಮದ ಹಿಂದಿನಿಂದ ಹತ್ತುವ ಕಾಲುದಾರಿ ಎಲ್ಲ ಹೊತ್ತಿನಲ್ಲೂ ತೆರೆದಿರುವುದಿಲ್ಲ, ಆಫೀಸಿನಲ್ಲಿ ಕೇಳಿಕೊಂಡು ಹೋಗಿ.

ಅರುಣಾಚಲೇಶ್ವರ ದೇವಸ್ಥಾನದಲ್ಲಿ ವಲ್ಲಾಳ ಗೋಪುರ ನೋಡುವುದನ್ನು ಮರೆಯಬೇಡಿ. ಹೆಸರು ನಮ್ಮ ಹೊಯ್ಸಳರ ಮೂರನೇ ವೀರಬಲ್ಲಾಳನದು. ರಾಜಧಾನಿ ದ್ವಾರಸಮುದ್ರ (ಈಗಿನ ಹಳೇಬೀಡು) ಹಾಳಾದ ಮೇಲೆ ಅವನು ಈ ಊರನ್ನೂ ನೆಲೆ ಮಾಡಿಕೊಂಡಿದ್ದ. ಸಾವಿರ ಕಂಬದ ಮಂಟಪ ಕೃಷ್ಣದೇವರಾಯನ ಕಾಲದ್ದು. ಇಷ್ಟು ಹೇಳಿದ ಮೇಲೆ ಮಗ ಸ್ವಲ್ಪ ಚುರುಕಾದ.

ಮೂರನೇ ದಿನ ಜಿಂಜಿ ಕೋಟೆಯನ್ನು ರಸ್ತೆಯಿಂದಲೇ ನೋಡಿಕೊಂಡು ಪುದುಚೇರಿ ಸೇರಿದೆವು. ವಾರಾಂತ್ಯ ಬೇರೆ. ಹೋಟೆಲಿನ ಮಹಡಿಯ ಮೇಲೆ ರಾತ್ರಿ ಒಂದರವರೆಗೂ ಡಿಜೆ. ಕಿವಿ ಮುಚ್ಚಿಕೊಂಡು ಮಲಗಿದವಳಿಗೆ ಅಳು ಬಂತು. ಆಶ್ರಮದ ಹಳೇ ಹಾಲ್ ಕೊಟ್ಟ ಶಾಂತಿಯನ್ನು ಒಂದು ದಿನವಾದರೂ ಉಳಿಸಿಕೊಳ್ಳಬೇಕು ಅಂತ ಆಸೆಯಿತ್ತು.

ಪುದುಚೇರಿಯನ್ನು ನಾನು ದೂರುತ್ತಿಲ್ಲ. ಸಂಜೆ ಬೀಚ್ ರಸ್ತೆಯಲ್ಲಿ ಗಾಡಿ ಓಡಾಟ ನಿಲ್ಲಿಸುತ್ತಾರೆ. ಅಪ್ಪ ಮಗ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಗಾಂಧಿ ಪ್ರತಿಮೆಯಿಂದಾಚೆಗೂ ನಡೆದು ಹೋದರು. ವರ್ಷವಿಡೀ ಫೋನಿಗೇ ಅಂಟಿಕೊಂಡಿರುವ ಮನುಷ್ಯ ಅವತ್ತು ಜೇಬಿಗೆ ಕೈ ಹಾಕಲಿಲ್ಲ. ಅವರಿಗೆ ಬೇಕಿದ್ದ ವಿಶ್ರಾಂತಿ ಅದು. ಎರಡು ದಿನ ಅವರನ್ನು ಮೌನದಲ್ಲಿ ಕೂರಿಸಿ ಅದರ ಅರ್ಧ ಹೊತ್ತನ್ನು ನಾನೇ ಕಿತ್ತುಕೊಂಡಿದ್ದೆ.

ನೀರಿಗಿಳಿಯುವ ಆಸೆಯಿರುವವರು ಗಮನಿಸಿ: ಊರೊಳಗಿನ ರಾಕ್ ಬೀಚಿನಲ್ಲಿ ಹೆಚ್ಚಾಗಿ ಬಂಡೆಗಳೇ, ಇಳಿಯುವ ಹಾಗಿಲ್ಲ. ಮರಳು ಬೇಕೆಂದರೆ ಊರ ಹೊರಗಿನ ಚುನ್ನಂಬಾರಿನಿಂದ ದೋಣಿಯಲ್ಲಿ ಪ್ಯಾರಡೈಸ್ ಬೀಚಿಗೆ ಹೋಗಬಹುದು. ಅದಕ್ಕೇ ಅರ್ಧ ದಿನ ಬೇಕು, ನಮಗೆ ಸಾಲಲಿಲ್ಲ. ಪುದುಚೇರಿಯ ಪಕ್ಕದ ಆರೋವಿಲ್‌ನ ಧ್ಯಾನಮಂದಿರವಾದ ಮಾತೃಮಂದಿರವನ್ನು ದೂರದಿಂದ ಯಾರು ಬೇಕಾದರೂ ನೋಡಬಹುದು, ಒಳಗೆ ಕೂರಲು ಮೊದಲೇ ಕಾದಿರಿಸಬೇಕು. ನಾವು ಕಾದಿರಿಸಿರಲಿಲ್ಲ.

ಹಾಗಾಗಿ ನಾಲ್ಕೈದು ದಿನವಷ್ಟೇ ಇದ್ದರೆ ಒಂದನ್ನು ಆರಿಸಿಕೊಳ್ಳಿ. ಯಾವುದು ಅನ್ನೋದನ್ನು ಜೊತೆಗೆ ಬರುವವರನ್ನು ನೋಡಿ ನಿರ್ಧರಿಸಿ. ಮನೆಮಂದಿಯೆಲ್ಲ ಹೊರಟಿದ್ದರೆ ಸಮುದ್ರವೇ ಸರಿ, ಅದರಲ್ಲಿ ಯಾವ ಕೀಳರಿಮೆಯೂ ಬೇಡ. ಆಶ್ರಮಕ್ಕೆ ಒಬ್ಬರೇ ಹೋಗಿ, ಇಲ್ಲವೇ ಅದೇ ಹಂಬಲ ಇರುವವರ ಜೊತೆ ಹೋಗಿ. ಎರಡೂ ಬೇಕೇ ಬೇಕೆಂದರೆ ಒಂದು ವಾರ ಇಟ್ಟುಕೊಂಡು ಸಮುದ್ರ ಮೊದಲು ಮುಗಿಸಿ, ಬೆಟ್ಟ ಕೊನೆಗಿರಲಿ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಆ ಕರಾವಳಿಯಲ್ಲಿ ಮಳೆಗಾಲ ಅನ್ನೋದೂ ನೆನಪಿರಲಿ.

ಮುಂದಿನ ಫೆಬ್ರವರಿಗೆ ಅಪ್ಪ ಮಗ ಪ್ಯಾರಡೈಸ್ ಬೀಚಿಗೆ ಹೋಗುತ್ತಾರಂತೆ. ಅಷ್ಟರೊಳಗೆ ಅಮ್ಮನೂ ನಾನೂ ಅರುಣಾಚಲಕ್ಕೆ ಹೋಗಿಬರುತ್ತೇವೆ. ಅಮ್ಮನಿಗೆ ಮಂಡಿನೋವು, ಕೂರಲು ಕುರ್ಚಿ ಬೇಕೆಂದು ಆಶ್ರಮಕ್ಕೆ ನಿನ್ನೆಯೇ ಬರೆದಿದ್ದೇನೆ.