ಶನಿವಾರ, ಮಧ್ಯಾಹ್ನ ಮೂರು ಗಂಟೆ

ಬ್ರಾಡ್‌ಫರ್ಡ್‌ಗೆ ನಾನು ಹೋಗಿದ್ದು ಒಂದು ಚಿಮಣಿ ನೋಡಲು. ಆಫೀಸಿನ ಕೆಲಸಕ್ಕೆಂದು ಲೀಡ್ಸ್‌ಗೆ ಬಂದು ನಾಲ್ಕು ತಿಂಗಳಾಗಿತ್ತು. ದಾವಣಗೆರೆಯಲ್ಲಿರುವ ಅಪ್ಪಾಜಿ ಪ್ರತಿ ವಾರ ಫೋನಿನಲ್ಲಿ ಒಂದೇ ಮಾತು ಕೇಳುತ್ತಿದ್ದರು. "ಅಲ್ಲಿ ಮಿಲ್ಲು ಇಲ್ಲವಾ? ಇಂಗ್ಲೆಂಡಿನ ಮಿಲ್ಲು ಒಂದು ಸಲ ತೋರ್ಸಪ್ಪಾ." ಅವರು ಇಪ್ಪತ್ತಾರು ವರ್ಷ ಹತ್ತಿ ಗಿರಣಿಯಲ್ಲಿ ದುಡಿದವರು. ಅವರ ಗಿರಣಿ ಮುಚ್ಚಿ ಬಹಳ ಕಾಲವಾಯಿತು. ಆದರೂ ಮಿಲ್ಲು ಅಂದರೆ ಅವರ ಮುಖವೇ ಬೇರೆ ಆಗುತ್ತದೆ.

ಏಪ್ರಿಲ್ ತಿಂಗಳ ಒಂದು ಶನಿವಾರ ಲೀಡ್ಸ್‌ನಿಂದ ರೈಲು ಹತ್ತಿದೆ. ಇಪ್ಪತ್ತು ನಿಮಿಷದ ದಾರಿ. ಫಾರ್ಸ್ಟರ್ ಸ್ಕ್ವೇರ್ ಸ್ಟೇಷನ್ನಿನಿಂದ ಹೊರಬಂದು ಮ್ಯಾನಿಂಗ್‌ಹ್ಯಾಮ್ ಲೇನ್ ಹಿಡಿದು ಏರು ಹತ್ತಿದೆ. ಸೀರೆ ಅಂಗಡಿ, ಮಿಠಾಯಿ ಅಂಗಡಿ ದಾಟುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಮನೆಗಳ ಮಾಡಿನ ಮೇಲೆ ಚಿಮಣಿ ಕಾಣಿಸಿತು. ಲಿಸ್ಟರ್ ಮಿಲ್ಲಿನದು. 249 ಅಡಿ ಎತ್ತರ. ಚೌಕಾಕಾರ. ಅದರ ತುದಿಯ ಸುತ್ತ ಕುದುರೆ ಗಾಡಿ ಓಡಿಸಬಹುದು ಅಂತ ಆ ಊರಿನವರು ಹೇಳುತ್ತಾರೆ. ಕೆಳಗೆ ನಿಂತು ಕತ್ತೆತ್ತಿದರೆ ಆ ಮಾತನ್ನು ನಂಬಬೇಕು ಅನ್ನಿಸುತ್ತದೆ.

ವಿಡಿಯೊ ಕಾಲ್ ಮಾಡಿದೆ. ಅಲ್ಲಿ ಸಂಜೆ ಆರಾಗಿತ್ತು. ಅಪ್ಪಾಜಿ ಕನ್ನಡಕ ಹಾಕಿಕೊಂಡು ಬಂದು ಕೂತರು.

"ಮೇಲಕ್ಕೆ ತೋರ್ಸು. ಇನ್ನೂ ಮೇಲೆ. ಅಬ್ಬಾ! ಹೊಗೆ ಬರ್ತಿಲ್ಲ ಅಲ್ವಾ?"

"ಇಲ್ಲ ಅಪ್ಪಾಜಿ. 1992ರಲ್ಲೇ ಮುಚ್ಚಿದ್ದಾರೆ. ಈಗ ಒಳಗೆ ಅಪಾರ್ಟ್‌ಮೆಂಟ್ ಮಾಡಿದ್ದಾರೆ."

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎಷ್ಟು ಜನ ಇದ್ರಂತೆ?" ಅಂದರು. ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ 11 ಸಾವಿರ ಜನ ಅಂದೆ. ರೇಷ್ಮೆ ಮತ್ತು ಮಖಮಲ್ಲಿನ ಗಿರಣಿ ಅದು. ಮಾಲೀಕ ಸ್ಯಾಮ್ಯುಯೆಲ್ ಲಿಸ್ಟರ್. 1890ರ ಡಿಸೆಂಬರ್‌ನಲ್ಲಿ ಆತ ಪಗಾರ ಕಡಿತ ಮಾಡಿದ. ಸುಮಾರು ಐದು ಸಾವಿರ ಜನ ಮುಷ್ಕರ ಹೂಡಿದರು. ಅವರಲ್ಲಿ ಹೆಂಗಸರು, ಹುಡುಗಿಯರೇ ಜಾಸ್ತಿ. 1891ರ ಏಪ್ರಿಲ್‌ವರೆಗೆ ಎಳೆದ ಮುಷ್ಕರ ಕೊನೆಗೆ ಸೋತಿತು. ಊರಿಗೆ ಸೈನ್ಯ ಕರೆಸಿದ್ದರು. ಆ ನೋವಿನಿಂದಲೇ ಕಾರ್ಮಿಕರಿಗೆ ತಮ್ಮದೇ ಪಕ್ಷ ಬೇಕು ಅನ್ನಿಸಿತು. 1893ರಲ್ಲಿ ಇದೇ ಬ್ರಾಡ್‌ಫರ್ಡ್‌ನಲ್ಲಿ ಇಂಡಿಪೆಂಡೆಂಟ್ ಲೇಬರ್ ಪಾರ್ಟಿ ಹುಟ್ಟಿತು. ಇದನ್ನೆಲ್ಲ ಹೇಳುವಾಗ ಅಪ್ಪಾಜಿ ಹೂಂ, ಹೂಂ ಅನ್ನುತ್ತಿದ್ದರು. ಮುಷ್ಕರದ ವಿಷಯ ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ಬೀದಿಯಲ್ಲಿ ಜನ ಹೆಚ್ಚಾದರು. ಅಪ್ಪ-ಮಕ್ಕಳು, ಮುದುಕರು, ಹುಡುಗರ ಗುಂಪು, ಎಲ್ಲರೂ ಇಳಿಜಾರಿನ ಕಡೆಗೆ ನಡೆಯುತ್ತಿದ್ದರು. ಕೊರಳಲ್ಲಿ ಮೆರೂನ್ ಮತ್ತು ಜೇನು ಬಣ್ಣದ ಪಟ್ಟೆಯ ಮಫ್ಲರ್. ಬ್ರಾಡ್‌ಫರ್ಡ್ ಸಿಟಿಯ ಫುಟ್‌ಬಾಲ್ ಪಂದ್ಯ ಅಂತ ಗೊತ್ತಾಯಿತು. ಆ ಬಣ್ಣ ನೋಡಿ ನನಗೆ ಜುಮ್ ಅಂದಿತು. ಅದು ಮೊದಲು ಫುಟ್‌ಬಾಲಿನ ಬಣ್ಣವೇ ಆಗಿರಲಿಲ್ಲ.

ಒಂದು ತಿಂಗಳ ಹಿಂದೆ ರೈಲು ಬದಲಿಸಲು ಹಡರ್ಸ್‌ಫೀಲ್ಡ್‌ನಲ್ಲಿ ಇಳಿದಿದ್ದೆ. ಸ್ಟೇಷನ್ ಪಕ್ಕದಲ್ಲೇ ಜಾರ್ಜ್ ಹೋಟೆಲ್ ಕಟ್ಟಡ ಇದೆ. ರಗ್ಬಿ ಲೀಗ್ ಎಂಬ ಆಟ ಹುಟ್ಟಿದ್ದು ಅಲ್ಲಿ. ಸುಮ್ನೆ ಕುತೂಹಲಕ್ಕೆ ಓದಲು ಶುರು ಮಾಡಿದವನು ಆ ಕಥೆಯಿಂದ ಹೊರಬರಲೇ ಇಲ್ಲ. ಮೊಟ್ಟೆಯಾಕಾರದ ಚೆಂಡಿನ ಆಟ ನನಗೇನೂ ಗೊತ್ತಿರಲಿಲ್ಲ. ನನ್ನನ್ನು ಹಿಡಿದಿಟ್ಟಿದ್ದು ಪಗಾರದ ಜಗಳ.

ಅದನ್ನೇ ಅಪ್ಪಾಜಿಗೆ ನಡೆಯುತ್ತಾ ಹೇಳಿದೆ. ಆಗ ರಗ್ಬಿಯನ್ನು ನಡೆಸುತ್ತಿದ್ದವರು ಲಂಡನ್ ಕಡೆಯ ಅನುಕೂಲಸ್ಥರು. ಆಟಗಾರ ಒಂದು ಪೈಸೆಯನ್ನೂ ಮುಟ್ಟಬಾರದು ಅಂತ ಅವರ ನಿಯಮ. ಆದರೆ ಯಾರ್ಕ್‌ಶೈರ್, ಲ್ಯಾಂಕಷೈರ್‌ನಲ್ಲಿ ಆಡುತ್ತಿದ್ದವರಲ್ಲಿ ಗಿರಣಿಯವರು, ಗಣಿಯವರು, ಹಡಗುಕಟ್ಟೆಯ ಹಮಾಲರು ಬಹಳ ಜನ. ದೂರದ ಊರಿನಲ್ಲಿ ಪಂದ್ಯ ಇದ್ದರೆ ಬೆಳಿಗ್ಗೆಯೇ ಕೆಲಸ ಬಿಟ್ಟು ರೈಲು ಹತ್ತಬೇಕು. ಆ ಹೊತ್ತಿನ ಕೂಲಿ ಹೋಯಿತು. ಅದನ್ನಾದರೂ ಕ್ಲಬ್ಬು ತುಂಬಿಕೊಡಲಿ ಅಂತ ಯಾರ್ಕ್‌ಶೈರ್‌ನವರು ಕೇಳಿದರು. ಆಡಿದ್ದಕ್ಕೆ ಸಂಬಳ ಕೊಡಿ ಅಂದಿದ್ದಲ್ಲ. ಕಳೆದುಕೊಂಡಿದ್ದನ್ನು ಕೊಡಿ ಅಂದಿದ್ದು, ಅಷ್ಟೇ. 1893ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನಲ್ಲಿ ಮತ ಹಾಕಿದರು. ಬೇಕು ಅಂದವರು 136, ಬೇಡ ಅಂದವರು 282.

ಅಪ್ಪಾಜಿ ನಡುವೆಯೇ ತಡೆದರು. "ಚಿತ್ರದುರ್ಗದ ಕಬಡ್ಡಿ ಹೇಳಿದೀನಲ್ಲ ನಿನಗೆ."

ಹೇಳಿದ್ದರು. ಮತ್ತೆ ಹೇಳಲಿ ಅಂತ ಸುಮ್ಮನಿದ್ದೆ. ಅವರು ಓಣಿಯ ಹುಡುಗರ ತಂಡದಲ್ಲಿ ಕಬಡ್ಡಿ ಆಡುತ್ತಿದ್ದರು. ಒಳ್ಳೆಯ ರೈಡರ್ ಅಂತೆ. ಒಮ್ಮೆ ಚಿತ್ರದುರ್ಗದಲ್ಲಿ ಟೂರ್ನಮೆಂಟು. ಗಿರಣಿಯಲ್ಲಿ ಮೇಲ್ವಿಚಾರಣೆ ಮಾಡುವ ಜಾಬರ್ ಹತ್ತಿರ ಕೇಳಿಕೊಂಡರೂ ರಜೆ ಸಿಗಲಿಲ್ಲ. ಪಾಳಿ ತಪ್ಪಿಸಿ ಹೋದರು. ಫೈನಲ್ ಗೆದ್ದು ಬಂದರು. ಎರಡು ದಿನದ ಹಾಜರಿ ಹೋಯಿತು. ಗೆದ್ದಿದ್ದಕ್ಕೆ ತಲೆಗೊಂದು ಸ್ಟೀಲ್ ತಟ್ಟೆ ಕೊಟ್ಟಿದ್ದರು. ಆ ತಿಂಗಳು ಕಿರಾಣಿ ಅಂಗಡಿಯ ಲೆಕ್ಕ ಚುಕ್ತಾ ಮಾಡಲು ಅವ್ವ ಯಾರದೋ ಹತ್ತಿರ ಕೈಗಡ ತಂದಳು. ತಟ್ಟೆ ಈಗಲೂ ಮನೆಯಲ್ಲಿದೆ. ಅವ್ವ ಅದರಲ್ಲಿ ಹಪ್ಪಳ ಇಡುತ್ತಾಳೆ.

"ಅದಾದ ಮೇಲೆ ನಾನು ಊರು ಬಿಟ್ಟು ಆಡೋಕೆ ಹೋಗಲಿಲ್ಲ," ಅಂದರು ಅಪ್ಪಾಜಿ. "ಇವರು ಏನು ಮಾಡಿದ್ರು?"

ಇವರು ಹೊರಬಂದರು. 1895ರ ಆಗಸ್ಟ್ 29ರಂದು ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸಭೆ ಸೇರಿ ನಾರ್ದರ್ನ್ ಯೂನಿಯನ್ ಎಂಬ ತಮ್ಮದೇ ಒಕ್ಕೂಟ ಕಟ್ಟಿದವು. ಅದರ ಆಟವೇ ಮುಂದೆ ರಗ್ಬಿ ಲೀಗ್ ಆಯಿತು. ಕೆಲಸ ತಪ್ಪಿದ ದಿನಕ್ಕೆ ಆರು ಶಿಲ್ಲಿಂಗ್‌ವರೆಗೆ ಕೊಡಬಹುದು ಅಂತ ನಿಯಮ ಮಾಡಿದರು. ಆ ಕ್ಲಬ್ಬುಗಳಲ್ಲಿ ಒಂದು ಮ್ಯಾನಿಂಗ್‌ಹ್ಯಾಮ್. ಲಿಸ್ಟರ್ ಮಿಲ್ಲಿನ ನೆರಳಿನ ಕ್ಲಬ್ಬು. 1880ರಲ್ಲಿ ಶುರುವಾಗಿತ್ತು. ಮೊದಲು ಕಾರ್ಲೈಲ್ ರಸ್ತೆಯಲ್ಲಿ ಆಡುತ್ತಿದ್ದರು. ಆ ಜಾಗ ಶಾಲೆ ಕಟ್ಟಲು ಹೋಯಿತು. 1886ರಲ್ಲಿ ಗುಡ್ಡದ ಇಳಿಜಾರನ್ನು ಅಗೆದು ಮಟ್ಟ ಮಾಡಿ ಹೊಸ ಮೈದಾನ ಮಾಡಿಕೊಂಡರು. ಅದೇ ವ್ಯಾಲಿ ಪರೇಡ್. ಮೆರೂನ್, ಜೇನು ಬಣ್ಣದ ಅಂಗಿ ಅವರದು.

ಹೊಸ ಒಕ್ಕೂಟದ ಮೊದಲ ಸೀಸನ್ನಿನಲ್ಲಿ 22 ಕ್ಲಬ್ಬುಗಳು. ಒಂದೊಂದಕ್ಕೂ 42 ಪಂದ್ಯ. ಆಗ ಒಂದೊಂದು ತಂಡದಲ್ಲಿ ಹದಿನೈದು ಜನ ಆಡುತ್ತಿದ್ದರು, ಹದಿಮೂರಕ್ಕೆ ಇಳಿದದ್ದು 1906ರಲ್ಲಿ. ಯಾರ್ಕ್‌ಶೈರ್‌ನ ಚಳಿಗಾಲದ ಕೆಸರು. ಬೆಳಿಗ್ಗೆ ಕೆಲಸ, ಮಧ್ಯಾಹ್ನ ಆಟ. 42 ಪಂದ್ಯಗಳಲ್ಲಿ ಮ್ಯಾನಿಂಗ್‌ಹ್ಯಾಮ್ 33 ಗೆದ್ದಿತು, 9 ಸೋತಿತು. ಒಂದೂ ಡ್ರಾ ಇಲ್ಲ. ಗೆಲುವಿಗೆ ಎರಡರಂತೆ 66 ಅಂಕ. ಹ್ಯಾಲಿಫ್ಯಾಕ್ಸ್‌ಗೆ 65. ಒಂದೇ ಒಂದು ಅಂಕದಲ್ಲಿ ಗೆದ್ದು ಜಗತ್ತಿನ ಮೊದಲ ರಗ್ಬಿ ಲೀಗ್ ಚಾಂಪಿಯನ್ ಆಯಿತು ಈ ಕ್ಲಬ್ಬು. ಊರಿನ ದೊಡ್ಡ ಕ್ಲಬ್ಬು ಬೇರೆ ಇತ್ತು, ಪಾರ್ಕ್ ಅವೆನ್ಯೂನಲ್ಲಿ ಆಡುತ್ತಿದ್ದ ಬ್ರಾಡ್‌ಫರ್ಡ್. ಹಣ, ಹೆಸರು ಎಲ್ಲ ಅವರದು. ಆದರೆ ಮೊದಲ ಪಟ್ಟ ಗಿರಣಿ ಬಡಾವಣೆಗೆ ಬಂತು.

ಆ ತಂಡದಲ್ಲಿ ಜಾರ್ಜ್ ಲೋರಿಮರ್ ಎಂಬ ಹುಡುಗ ಇದ್ದ. ಆ ಸೀಸನ್ನಿನಲ್ಲಿ ಪಂದ್ಯಗಳೊಳಗೆ ಇಡೀ ಲೀಗಿಗೇ ಹೆಚ್ಚು ಪಾಯಿಂಟ್ ಹೊಡೆದವನು ಅವನು, 106. ಮರುವರ್ಷ, 1897ರಲ್ಲಿ, ಟೈಫಾಯ್ಡ್ ಬಂದು ತೀರಿಕೊಂಡ. ವಯಸ್ಸು 25. ಅವನ ಬಗ್ಗೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆರು ಶಿಲ್ಲಿಂಗ್ ಹಕ್ಕನ್ನು ಅವನು ಒಂದೂವರೆ ವರ್ಷವೂ ಪೂರಾ ಅನುಭವಿಸಲಿಲ್ಲ.

ಈ ಹೊತ್ತಿಗೆ ನಾನು ಮೈದಾನದ ಹತ್ತಿರ ಬಂದಿದ್ದೆ. ಬೀದಿ ಎಷ್ಟು ಕಡಿದಾಗಿದೆ ಅಂದರೆ ಹಿಮ್ಮಡಿ ಊರಿ ಇಳಿಯಬೇಕು. ಸಾಲು ಮನೆಗಳ ಕಲ್ಲಿನ ಗೋಡೆ ಮುಗಿಯುತ್ತಿದ್ದಂತೆ ಸ್ಟ್ಯಾಂಡಿನ ಉಕ್ಕಿನ ಗೋಡೆ ಎದ್ದು ನಿಲ್ಲುತ್ತದೆ. ಫೋನು ತಿರುಗಿಸಿ ತೋರಿಸಿದೆ.

"ಇಷ್ಟು ಹತ್ತಿರಾನಾ ಮಿಲ್ಲಿಗೆ?"

"ಹೌದು ಅಪ್ಪಾಜಿ. ನಡ್ಕೊಂಡೇ ಬಂದೆ ನೋಡಿ."

"ಮತ್ತೆ ಆ ಕ್ಲಬ್ಬು ಎಲ್ಲಿ ಹೋಯ್ತು?"

ಇದನ್ನು ಹೇಳುವುದು ನನಗೆ ಕಷ್ಟವಾಗುತ್ತದೆ. ಕೂಲಿಯವನಿಗೆ ಕೂಲಿ ತಪ್ಪಬಾರದು ಅಂತ ಹುಟ್ಟಿದ ಒಕ್ಕೂಟದಲ್ಲಿ, ಅದರ ಮೊದಲ ಚಾಂಪಿಯನ್ನೇ ಹಣವಿಲ್ಲದೆ ಕೈ ಸೋತಿತು. ಮೊದಲ ಸೀಸನ್ ಆದ ಮೇಲೆ ಒಂದೇ ಲೀಗನ್ನು ಕೌಂಟಿವಾರು ಎರಡು ಮಾಡಿದರು. 1898ರಲ್ಲಿ ಆಟಗಾರರಿಗೆ ಸಂಬಳ ಕೊಡಲು ಒಪ್ಪಿಗೆ ಸಿಕ್ಕಿತು. ಒಳ್ಳೆಯ ಆಟಗಾರ ಹಣ ಇದ್ದ ಕ್ಲಬ್ಬಿನ ಕಡೆ ಹೋದ. ಅದು ತಪ್ಪು ಅಂತ ನಾನು ಹೇಳಲಾರೆ, ಅವನ ಹೊಟ್ಟೆಪಾಡು ಅದು. 1901ರಲ್ಲಿ ದೊಡ್ಡ ಕ್ಲಬ್ಬುಗಳು ಹದಿನಾಲ್ಕು ಸೇರಿ ತಮ್ಮದೇ ಲೀಗ್ ಮಾಡಿಕೊಂಡವು. ಪಕ್ಕದ ಬ್ರಾಡ್‌ಫರ್ಡ್ ಅದರಲ್ಲಿತ್ತು. ಮ್ಯಾನಿಂಗ್‌ಹ್ಯಾಮ್ ಇರಲಿಲ್ಲ. ಐದೇ ವರ್ಷದ ಹಿಂದೆ ಎಲ್ಲರನ್ನೂ ಸೋಲಿಸಿದ್ದ ಕ್ಲಬ್ಬು! ಮುಂದಿನ ವರ್ಷ ಎರಡನೇ ಡಿವಿಷನ್. ಜನ ಬರುವುದು ಕಡಿಮೆಯಾಯಿತು. 1903ರಲ್ಲಿ ಹಣ ಕೂಡಿಸಲು ಬಿಲ್ಲುಗಾರಿಕೆಯ ಪಂದ್ಯ ಏರ್ಪಡಿಸಿದರು. ಸಾಲ ತೀರಿಸಲು ಬಿಲ್ಲು ಬಾಣ.

ಆ ವರ್ಷವೇ ಸದಸ್ಯರು ಸೇರಿ ರಗ್ಬಿ ಬಿಟ್ಟು ಫುಟ್‌ಬಾಲ್ ಹಿಡಿಯಲು ತೀರ್ಮಾನಿಸಿದರು. ಫುಟ್‌ಬಾಲ್ ಲೀಗಿಗೂ ರಗ್ಬಿಯ ಈ ಸೀಮೆಯೊಳಗೆ ಕಾಲಿಡಬೇಕಿತ್ತು. ಹಾಗಾಗಿ ಒಂದು ಪಂದ್ಯವನ್ನೂ ಆಡದ ತಂಡವನ್ನು ನೇರವಾಗಿ ಒಳಗೆ ತೆಗೆದುಕೊಂಡರು. ಹೆಸರು ಬ್ರಾಡ್‌ಫರ್ಡ್ ಸಿಟಿ. ಮೈದಾನ ಅದೇ, ಅಂಗಿಯ ಬಣ್ಣ ಅದೇ. ಚೆಂಡು ಮಾತ್ರ ದುಂಡಗಾಯಿತು. 1911ರಲ್ಲಿ ಈ ತಂಡ ಇಂಗ್ಲೆಂಡಿನ ಫುಟ್‌ಬಾಲಿನ ಎಫ್‌ಎ ಕಪ್ ಗೆದ್ದಿತು. ಆ ಕಪ್ಪನ್ನು ಹೊಸದಾಗಿ ಮಾಡಿದ್ದವರೂ ಬ್ರಾಡ್‌ಫರ್ಡ್‌ನ ಫಟೋರಿನಿ ಎಂಬ ಚಿನ್ನಬೆಳ್ಳಿ ಅಂಗಡಿಯವರೇ. ರಗ್ಬಿ ಲೀಗಿನ ಚಾಲೆಂಜ್ ಕಪ್ ಮಾಡಿದ್ದೂ ಅವರೇ.

1907ರಲ್ಲಿ ಪಾರ್ಕ್ ಅವೆನ್ಯೂದವರೂ ಫುಟ್‌ಬಾಲಿಗೆ ಹೊರಳಿದರು. ರಗ್ಬಿ ಬಿಡಲು ಒಪ್ಪದ ಕೆಲವರು ಹೊರಬಂದು ಬ್ರಾಡ್‌ಫರ್ಡ್ ನಾರ್ದರ್ನ್ ಕಟ್ಟಿದರು. ಇವತ್ತಿನ ಬ್ರಾಡ್‌ಫರ್ಡ್ ಬುಲ್ಸ್ ಅವರ ಸಂತತಿ. ಮ್ಯಾನಿಂಗ್‌ಹ್ಯಾಮ್‌ಗೆ ಹಾಗೆ ಹೊರಬಂದು ಹಿಡಿದು ನಿಲ್ಲಿಸುವವರು ಸಿಗಲಿಲ್ಲ. ಇಪ್ಪತ್ತಮೂರು ವರ್ಷದ ಬಾಳು, ಅದರಲ್ಲಿ ಎಂಟೇ ಸೀಸನ್ ನಾರ್ದರ್ನ್ ಯೂನಿಯನ್‌ನಲ್ಲಿ. ಲಂಡನ್‌ನವರ ರಗ್ಬಿ ಯೂನಿಯನ್ ಆಟಗಾರರಿಗೆ ಹಣ ಕೊಡಲು ಒಪ್ಪಿದ್ದು 1995ರ ಆಗಸ್ಟ್‌ನಲ್ಲಿ. ಸರಿಯಾಗಿ ನೂರು ವರ್ಷ ಆದ ಮೇಲೆ. ಆರು ಶಿಲ್ಲಿಂಗ್ ಕೇಳಿದವರನ್ನು ಅಷ್ಟು ಕಾಲ ಅಸ್ಪೃಶ್ಯರ ಹಾಗೆ ದೂರ ಇಟ್ಟಿದ್ದರು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಮೈದಾನದ ಹೊರಗೆ ಒಂದು ಸ್ಮಾರಕ ಇದೆ. 1985ರ ಮೇ 11ರಂದು ಪಂದ್ಯ ನಡೆಯುತ್ತಿರುವಾಗಲೇ ಹಳೆಯ ಮರದ ಸ್ಟ್ಯಾಂಡಿಗೆ ಬೆಂಕಿ ಹತ್ತಿ 56 ಜನ ಸತ್ತರು. ಪಕ್ಕದ ಮನೆಗಳವರು ಬಾಗಿಲು ತೆರೆದು ಜನರನ್ನು ಒಳಗೆ ಕರೆದುಕೊಂಡರು. ಅಪ್ಪಾಜಿಗೆ ತೋರಿಸಿದೆ. ಅವರು ಕೈ ಮುಗಿದರು. ಮ್ಯಾನಿಂಗ್‌ಹ್ಯಾಮ್‌ನ ಹೆಸರನ್ನು ನಾನು ಗೋಡೆಗಳ ಮೇಲೆ ಹುಡುಕಿದೆ. ನನ್ನ ಕಣ್ಣಿಗೆ ಬೀಳಲಿಲ್ಲ. ಆದರೆ ಮುಂದೆ ಸಾಗುತ್ತಿದ್ದ ಪ್ರತಿ ಕೊರಳಲ್ಲೂ ಅದರ ಬಣ್ಣ ಇತ್ತು.

"ಟಿಕೆಟ್ ಸಿಗುತ್ತಾ ಕೇಳು. ಸಿಕ್ರೆ ನೋಡ್ಕೊಂಡು ಬಾ," ಅಂದರು ಅಪ್ಪಾಜಿ. "ಎಷ್ಟಕ್ಕೆ ಶುರು?"

"ಮೂರಕ್ಕೆ. ಇಲ್ಲಿ ಶನಿವಾರದ ಆಟ ಅಂದರೆ ಮಧ್ಯಾಹ್ನ ಮೂರಕ್ಕೇ."

"ಆಗ ಮಿಲ್ಲು ಎಷ್ಟಕ್ಕೆ ಬಿಡ್ತಿತ್ತು?"

1850ರ ಕಾನೂನಿನ ಪ್ರಕಾರ ಶನಿವಾರ ಮಧ್ಯಾಹ್ನ ಎರಡಕ್ಕೆ ಹೆಂಗಸರು, ಹುಡುಗರ ಕೆಲಸ ನಿಲ್ಲಿಸಬೇಕಿತ್ತು, ಆಮೇಲೆ ಅದನ್ನು ಇನ್ನೂ ಹಿಂದಕ್ಕೆ ತಂದರು ಅಂದೆ. ಅವರು ಬೆರಳಲ್ಲಿ ಏನೋ ಎಣಿಸಿದರು.

"ಎರಡಕ್ಕೆ ಬಿಟ್ರೆ, ಕೈಕಾಲು ತೊಳ್ಕೊಂಡು, ರೊಟ್ಟಿ ತಿಂದು, ಇಳಿಜಾರು ಇಳಿದು ಬರೋಕೆ ಒಂದು ತಾಸು," ಅಂದರು. "ಮೂರಕ್ಕೆ ಸರಿಯಾಗಿ ಆಗುತ್ತೆ. ಹೋಗು, ತಡ ಮಾಡ್ಬೇಡ."

ಫೋನು ಜೇಬಿಗೆ ಹಾಕಿಕೊಂಡು ಟಿಕೆಟಿನ ಸಾಲಿನಲ್ಲಿ ನಿಂತೆ.