ಮಳೆಗಾಲದಲ್ಲಿ ಬೆಳ್ಳಿ ಮೈ: 1/72 ಮಿಸ್ಟೇರ್ ಕೆಲಸದ ದಾಖಲೆ

ಹಳೆಯ ಫೈಟರ್‌ಗಳ ಪ್ಲಾಸ್ಟಿಕ್ ಮಾದರಿಗಳ (ನಿಜವಾದ ವಿಮಾನದ 72ರಲ್ಲಿ ಒಂದು ಪಾಲಿನ ಅಳತೆ, ಅದೇ 1/72) ಸಂಗ್ರಹವನ್ನು ಕೊಡಗಿನಲ್ಲಿ ಶುರುಮಾಡುವುದಾದರೆ ಮಿಸ್ಟೇರ್‌ನಿಂದಲೇ ಶುರುಮಾಡಬೇಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೊರಟ 1ನೇ ಸ್ಕ್ವಾಡ್ರನ್ನಿನ ಜೊತೆ ಕೊಡಗಿನವರೇ ಆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಹಾರಿಸಿದ್ದು ಇದನ್ನೇ: ಫ್ರಾನ್ಸಿನ ದಸೋ ಕಂಪನಿಯ ಮಿಸ್ಟೇರ್ 4ಎ. ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗುವ ಎಫ್-104 ಸ್ಟಾರ್‌ಫೈಟರನ್ನು ಈ ನಿಧಾನದ ವಿಮಾನದಿಂದ ಉರುಳಿಸಿದ ಅವರು ಮರಳಿ ಬರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ತಡವಾಗಿ.

ಇಲ್ಲಿ ಕಟ್ಟುತ್ತಿರುವುದು 1957ರಲ್ಲಿ ಭಾರತಕ್ಕೆ ಬಂದಾಗಿನ ರೂಪ, ಅಂದರೆ ಬಣ್ಣವಿಲ್ಲದ ಬರಿ ಲೋಹದ ಮೈ. ಬೆಳ್ಳಿ ಮೈ ಏನನ್ನೂ ಮುಚ್ಚಿಡುವುದಿಲ್ಲ. ಹಸಿರು–ಬೂದು ಮರೆಬಣ್ಣದಡಿ ಅಡಗಿ ಹೋಗುವ ಕೂದಲೆಳೆಯ ಗೀರು ಕೂಡ ಬೆಳ್ಳಿಯಡಿ ಎದ್ದು ಕಾಣುತ್ತದೆ. ಜೊತೆಗೆ ಲೋಹದ ಬಣ್ಣಕ್ಕೂ ನಮ್ಮ ಮಳೆಗಾಲದ ಗಾಳಿಗೂ ಆಗಿಬರುವುದಿಲ್ಲ. ಹಾಗಾಗಿ ಕೆಲಸವನ್ನು ಮಳೆಯ ಲೆಕ್ಕಕ್ಕೆ ಹಂಚಿದ್ದೇವೆ: ಕೊಯ್ಯುವುದು, ಉಜ್ಜುವುದು, ಗೀಚುವುದು ಮಳೆಯಲ್ಲಿ, ಬೆಳ್ಳಿ ಬಿಸಿಲಿಗೆ.

ಜೂನ್ ಮೊದಲ ವಾರ

ಕಿಟ್ ದಶಕಗಳ ಹಿಂದಿನ ಅಚ್ಚಿನದು. ಇಂಥ ಹಳೆಯ ಡಬ್ಬಿ ಕೊಳ್ಳುವಾಗ ಮೊದಲು ನೋಡಬೇಕಾದ್ದು ಕ್ಯಾನಪಿ, ಅಂದರೆ ಪೈಲಟ್ ಕೂರುವ ಜಾಗದ ಮೇಲಿನ ಗಾಜಿನಂಥ ಮುಚ್ಚಳ. ಉಳಿದ ಯಾವ ತುಂಡು ಇಲ್ಲದಿದ್ದರೂ ಪ್ಲಾಸ್ಟಿಕ್ ಹಾಳೆಯಿಂದ ಮಾಡಿಕೊಳ್ಳಬಹುದು. ಪಾರದರ್ಶಕ ತುಂಡು ಬಿರುಕುಬಿಟ್ಟಿದ್ದರೆ ಡಬ್ಬಿ ಅಲ್ಲೇ ಬಿಡುವುದು ಒಳ್ಳೆಯದು. ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತುಗಳ ಹಾಳೆ) ಹಳದಿಯಾಗಿರುವುದು ಸಾಮಾನ್ಯ, ಅದಕ್ಕೆ ಹೆದರಬೇಕಿಲ್ಲ.

ಅಳತೆ ಹಾಕಿಕೊಳ್ಳುವುದು ಎರಡನೆಯದು. ನಿಜವಾದ ವಿಮಾನದ ರೆಕ್ಕೆಯ ಅಗಲ ಸುಮಾರು 11.1 ಮೀಟರ್, ಉದ್ದ ಸುಮಾರು 12.9 ಮೀಟರ್. 72ರಿಂದ ಭಾಗಿಸಿದರೆ 154 ಮತ್ತು 179 ಮಿಲಿಮೀಟರ್. ಅರ್ಧ ಮಿಲಿಮೀಟರ್ ಆಚೀಚೆ ಇದ್ದರೆ ಬಿಡಬಹುದು.

ಸ್ಪ್ರೂಗಳನ್ನು (ತುಂಡುಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು) ಬಿಸಿನೀರು ಬೇಡ, ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಆರಲು ಬಿಟ್ಟಿದೆ. ಅಚ್ಚಿನಿಂದ ಬಿಡಿಸಲು ಹಾಕಿದ ಎಣ್ಣೆ ಇನ್ನೂ ಉಳಿದಿರುತ್ತದೆ. ಪ್ರೈಮರ್ (ಬಣ್ಣಕ್ಕೆ ಮೊದಲಿನ ಅಡಿಪದರ) ಸಿಪ್ಪೆಯಂತೆ ಏಳುವುದು ಇದರಿಂದಲೇ. ಒಲೆಯ ಮೇಲಿನ ಅಟ್ಟದಲ್ಲಿ ಬೇಗ ಆರುತ್ತದೆ ಎಂದು ಅಲ್ಲಿ ಇಡಬೇಡಿ. ಸೌದೆ ಹೊಗೆಯ ಜಿಡ್ಡು ಕೂರುತ್ತದೆ, ಮತ್ತೆ ತೊಳೆಯಬೇಕು.

ಜೂನ್ ಕೊನೆ: ಮೂಗಿನ ಭಾರ

ಮೂರು ಗಾಲಿಯ ವಿಮಾನ. ಮೂಗಿನಲ್ಲಿ ಭಾರ ಹಾಕದಿದ್ದರೆ ಬಾಲ ಊರಿ ಕೂರುತ್ತದೆ. ಮಿಸ್ಟೇರ್‌ನ ಮೂಗೇ ಗಾಳಿ ಎಳೆಯುವ ಬಾಯಿ, ಆದ್ದರಿಂದ ತುದಿಯಲ್ಲಿ ಜಾಗವಿಲ್ಲ. ಭಾರ ಹೋಗಬೇಕಾದ್ದು ಕಾಕ್‌ಪಿಟ್ ನೆಲದ ಕೆಳಗೆ ಮತ್ತು ಗಾಳಿನಾಳದ ಎರಡು ಬದಿಗೆ. ತೂಕ ಅಂದಾಜಿಸುವ ಬದಲು ಹೀಗೆ ನೋಡಿ: ಒಡಲಿನ ಎರಡು ಭಾಗ, ರೆಕ್ಕೆ, ಬಾಲ ಎಲ್ಲವನ್ನೂ ಅಂಟು ಹಾಕದೆ ಟೇಪಿನಲ್ಲಿ ಕಟ್ಟಿ, ಹಿಂದಿನ ಗಾಲಿಗಳು ಬರುವ ಜಾಗಕ್ಕೆ ಸರಿಯಾಗಿ ಪೆನ್ಸಿಲ್ ಮೇಲಿಡಿ. ಮೂಗು ಕೆಳಗೆ ಬಾಗುವವರೆಗೆ ಭಾರ ಸೇರಿಸಿ, ಆಮೇಲೆ ಇನ್ನೊಂದು ಗ್ರಾಂ. ಬಣ್ಣ, ಪುಟ್ಟಿ ಎಲ್ಲ ಸೇರಿ ಬಾಲದ ಕಡೆ ಕೊನೆಗೆ ಸ್ವಲ್ಪ ಹೆಚ್ಚೇ ಆಗುತ್ತದೆ.

ಭಾರಕ್ಕೆ ಮೀನು ಗಾಳದ ಸೀಸದ ಗುಂಡು ಚೆನ್ನಾಗಿ ಒದಗುತ್ತದೆ. ಕೂರಿಸುವುದು ಮಾತ್ರ ಎರಡು ಟ್ಯೂಬಿನ ಅರಾಲ್ಡೈಟ್‌ನಲ್ಲಿ. ಮರಕ್ಕೆ ಹಚ್ಚುವ ಬಿಳಿ ಅಂಟಿನಲ್ಲಿ ಸೀಸ ಕೂರಿಸಿದರೆ ಅಂಟಿನ ಆಮ್ಲ ಸೀಸವನ್ನು ನಿಧಾನಕ್ಕೆ ಬಿಳಿ ಪುಡಿ ಮಾಡುತ್ತದೆ. ಆ ಪುಡಿ ಉಬ್ಬುತ್ತದೆ. ಮೂರೋ ನಾಲ್ಕೋ ವರ್ಷದ ಮೇಲೆ ಕಪಾಟಿನಲ್ಲಿ ನಿಂತ ಮಾದರಿಯ ಮೂಗು ತಾನಾಗಿ ಸೀಳುವುದಕ್ಕೆ ಕಾರಣ ಇದು. ನಮ್ಮ ತೇವದಲ್ಲಿ ಇನ್ನೂ ಬೇಗ.

ಜುಲೈ: ಸಾಲು ಮುಚ್ಚಿ ಸಾಲು ತೆಗೆಯುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಬೇಡುವುದು ಇದು. ಹಳೆಯ ಅಚ್ಚಿನ ಪ್ಯಾನೆಲ್ ಲೈನ್‌ಗಳು (ತಗಡುಗಳು ಕೂಡುವ ಗೆರೆಗಳು) ಅಳೆದರೆ 0.3 ಮಿಲಿಮೀಟರ್ ಅಗಲ. ನಿಜವಾದ ವಿಮಾನಕ್ಕೆ ಹಿಗ್ಗಿಸಿದರೆ 21.6 ಮಿಲಿಮೀಟರ್. ತಗಡು ತಗಡಿನ ನಡುವೆ ಹೆಬ್ಬೆರಳು ಹೋಗುವಷ್ಟು ಸಂದು ಇಟ್ಟು ಯಾರೂ ಫೈಟರ್ ಕಟ್ಟಲಿಲ್ಲ. 0.1 ಮಿಲಿಮೀಟರ್ ಗೆರೆಯೂ ಲೆಕ್ಕಕ್ಕೆ 7.2 ಆಗುತ್ತದೆ, ಆದರೂ ಕಣ್ಣು ಅದನ್ನು ಒಪ್ಪುತ್ತದೆ.

ತುಂಬಲು ಮಾಮೂಲಿ ಪುಟ್ಟಿ ಸರಿಯಲ್ಲ. ಪುಟ್ಟಿ ಆರುತ್ತಾ ಕುಗ್ಗುತ್ತದೆ, ಬೆಳ್ಳಿ ಬಿದ್ದ ಮೇಲೆ ಹಳೆಯ ಸಾಲು ನೆರಳಿನಂತೆ ಮೇಲೆ ಬರುತ್ತದೆ. ಸೂಪರ್ ಗ್ಲೂಗೆ ಟಾಲ್ಕಂ ಪೌಡರ್ ಸೇರಿಸಿ, ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ, ಸೂಜಿಯ ತುದಿಯಲ್ಲಿ ಸಾಲಿಗೆ ಎಳೆಯಬೇಕು. ಈ ಅಂಟು ಗಟ್ಟಿಯಾಗುವುದು ಗಾಳಿಯ ತೇವ ಕುಡಿದು. ಜುಲೈನಲ್ಲಿ ಮಡಿಕೇರಿಯಲ್ಲಿ ಬಯಲುಸೀಮೆಗಿಂತ ಬೇಗ ಹಿಡಿದುಬಿಡುತ್ತದೆ, ಒಂದು ಸಲಕ್ಕೆ ಎರಡು ಇಂಚಿನಷ್ಟು ಸಾಲಿಗೆ ಆಗುವಷ್ಟು ಮಾತ್ರ ಕಲಸಿ. ಅರ್ಧ ಗಂಟೆಯೊಳಗೆ ಉಜ್ಜಲು ಶುರು ಮಾಡಬೇಕು. ಮರುದಿನಕ್ಕೆ ಬಿಟ್ಟರೆ ತುಂಬಿದ್ದು ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ, ಉಜ್ಜುವ ಕಾಗದ ಅಕ್ಕಪಕ್ಕದ ಪ್ಲಾಸ್ಟಿಕ್ಕನ್ನೇ ತಿಂದು ಗುಂಡಿ ಮಾಡುತ್ತದೆ.

ಕ್ಯಾನಪಿಯ ಹತ್ತಿರ ಸೂಪರ್ ಗ್ಲೂ ಬೇಡವೇ ಬೇಡ. ತೇವದ ಗಾಳಿಯಲ್ಲಿ ಅದರ ಆವಿ ಬಿಳಿ ಹಿಮದಂತೆ ಗಾಜಿನ ಮೇಲೆ ಕೂರುತ್ತದೆ.

ಉಜ್ಜಲು ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರ್ ಸಾಕು: 600, 1000, 2000. ಪ್ರತಿ ನಂಬರಿಗೂ ದಿಕ್ಕು ಬದಲಿಸಿ, ಅಡ್ಡ ಆದ ಮೇಲೆ ಉದ್ದ. ಹಿಂದಿನ ನಂಬರಿನ ಗೀರು ಹೋಗಿದೆಯೋ ಇಲ್ಲವೋ ಆಗ ಮಾತ್ರ ಕಾಣುತ್ತದೆ. ಕೊನೆಗೆ 4000ರ ಬಟ್ಟೆ ಪ್ಯಾಡ್. 1000ಕ್ಕೇ ನಿಲ್ಲಿಸಿದರೆ ಬೆಳ್ಳಿಯಡಿ ಪ್ರತಿ ಗೀರೂ ಎದ್ದು ಬರುತ್ತದೆ.

ಹೊಸ ಗೆರೆಗೆ ಉಬ್ಬು ಅಕ್ಷರ ಒತ್ತುವ ದಪ್ಪ ಲೇಬಲ್ ಟೇಪನ್ನು ಅಂಚಾಗಿ ಅಂಟಿಸಿ, ಸೂಜಿ ಕಚ್ಚಿ ಹಿಡಿಯುವ ಪಿನ್ ವೈಸ್‌ನಲ್ಲಿ ಹಿಡಿದ ಹೊಲಿಗೆ ಸೂಜಿಯಿಂದ ಎಳೆದಿದೆ. ಮೊದಲ ಎಳೆತ ಸೂಜಿಯ ಸ್ವಂತ ತೂಕದಲ್ಲೇ ಹೋಗಬೇಕು, ಒತ್ತಡ ಕೊಡಬಾರದು. ಮೂರನೆಯ ಎಳೆತಕ್ಕೆ ಪ್ಲಾಸ್ಟಿಕ್ ತೆಳ್ಳಗೆ ಸುರುಳಿಯಾಗಿ ಎದ್ದು ಬರುತ್ತದೆ. ಆ ಸುರುಳಿ ತುಂಡಾಗದೆ ಬಂದರೆ ಗೆರೆ ಸರಿಯಿದೆ. ಪುಡಿ ಬಂದರೆ ಸೂಜಿ ಮೊಂಡಾಗಿದೆ, ಬದಲಿಸಿ. ತುಂಬಿದ ಜಾಗ ಮತ್ತು ಪ್ಲಾಸ್ಟಿಕ್ ಕೂಡುವಲ್ಲಿ ಸೂಜಿ ಜಾರುವುದು ಜಾಸ್ತಿ, ಅಲ್ಲಿ ಎರಡು ಕಡೆಯಿಂದ ಒಳಕ್ಕೆ ಎಳೆಯುವುದು ಒಳ್ಳೆಯದು.

ಎಡ ರೆಕ್ಕೆಯ ಬುಡದಲ್ಲಿ ಸಂದು 0.5 ಮಿಲಿಮೀಟರ್. ಪುಟ್ಟಿ ತುಂಬುವ ಬದಲು ಅಷ್ಟೇ ದಪ್ಪದ ಪ್ಲಾಸ್ಟಿಕ್ ಹಾಳೆಯ ತುಂಡು ಸಿಕ್ಕಿಸಿ, ದ್ರವ ಅಂಟು ಹರಿಸಿ, ಒಣಗಿದ ಮೇಲೆ ಸಮ ಮಾಡಿದೆ. ಎರಡೂ ಒಂದೇ ವಸ್ತು, ಉಜ್ಜಿದಾಗ ಒಂದೇ ರೀತಿ ಸವೆಯುತ್ತವೆ.

ಕಕ್ಕಡ: ಒಣಗಿಸುವ ಪೆಟ್ಟಿಗೆ

ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್), ಆಟಿ ಮದ್ದು ಸೊಪ್ಪಿನ ಪಾಯಸ ಮಾಡುವ ಹೊತ್ತಿಗೆ ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ 90%ರ ಕೆಳಗೆ ಇಳಿಯುವುದೇ ಅಪರೂಪ. ಈ ಗಾಳಿಯಲ್ಲಿ ಲ್ಯಾಕರ್ (ಥಿನ್ನರಿನಲ್ಲಿ ಕರಗಿಸಿದ, ಬೇಗ ಒಣಗುವ ಬಣ್ಣ) ಸಿಂಪಡಿಸಿದರೆ ಏನಾಗುತ್ತದೆ ಎಂದು ಸರಿಯಾಗಿ ತಿಳಿದಿರಬೇಕು. ಥಿನ್ನರ್ ಬೇಗ ಆವಿಯಾಗುತ್ತಾ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ತಣ್ಣನೆಯ ಮೇಲ್ಮೈ ಮೇಲೆ ಗಾಳಿಯ ತೇವ ನೀರಾಗಿ ಕೂತು ಬಣ್ಣದ ಪದರದೊಳಗೇ ಸಿಕ್ಕಿಬೀಳುತ್ತದೆ. ಕಪ್ಪು ಬಣ್ಣ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಕಪ್ಪು ಬೇಸ್ ಹೀಗಾದರೆ ನಿಧಾನಕ್ಕೆ ಆರುವ ರಿಟಾರ್ಡರ್ ಥಿನ್ನರನ್ನು ಒಂದು ತೆಳು ಸುತ್ತು ಒಣ ಗಾಳಿಯಲ್ಲಿ ಸಿಂಪಡಿಸಿ ಪದರವನ್ನು ಮತ್ತೆ ಕರಗಿಸಿ ಸರಿಪಡಿಸಬಹುದು. ಬೆಳ್ಳಿ ಹೀಗಾದರೆ ತೆಗೆದು ಮೊದಲಿನಿಂದ ಶುರು ಮಾಡುವುದೇ ದಾರಿ.

ಪೆಟ್ಟಿಗೆ ಸುಲಭ. ಮರದ ಸಣ್ಣ ಬೀರು, ತಳದಲ್ಲಿ 40 ವಾಟ್‌ನ ಹಳೆ ಕಾಲದ ತಂತಿ ಬಲ್ಬ್ (ಎಲ್‌ಇಡಿ ಬಿಸಿ ಕೊಡುವುದಿಲ್ಲ), ಅದರ ಮೇಲೆ ತಗಡಿನ ಮರೆ, ಮೇಲ್ಗಡೆ ಬೆರಳು ಗಾತ್ರದ ಎರಡು ತೂತು. ಹೊರಗಿನ ಗಾಳಿ 20 ಡಿಗ್ರಿ, ತೇವ 95%. ಅದೇ ಗಾಳಿಯನ್ನು 35 ಡಿಗ್ರಿಗೆ ಬಿಸಿ ಮಾಡಿದರೆ ತೇವ 40%ಕ್ಕೆ ಇಳಿಯುತ್ತದೆ. ನೀರು ಎಲ್ಲಿಗೂ ಹೋಗಲಿಲ್ಲ, ಬಿಸಿ ಗಾಳಿ ಹೆಚ್ಚು ನೀರು ಹೊರಬಲ್ಲದು ಅಷ್ಟೆ. 45 ಡಿಗ್ರಿ ದಾಟಲು ಬಿಡಬೇಡಿ. ತೆಳು ರೆಕ್ಕೆ ಸೊಟ್ಟಗಾಗುತ್ತದೆ.

ಬಣ್ಣ ಸಿಂಪಡಿಸುವ ಏರ್‌ಬ್ರಷ್‌ಗೆ ಗಾಳಿ ಒತ್ತಿ ಕೊಡುವ ಕಂಪ್ರೆಸರ್ ಇನ್ನೊಂದು ತಲೆನೋವು. ಗಾಳಿಯನ್ನು ಮೂರು ಪಟ್ಟು ಒತ್ತಿದರೆ, ಮೊದಲೇ 33%ಕ್ಕಿಂತ ಹೆಚ್ಚು ತೇವವಿದ್ದ ಗಾಳಿ ತಣ್ಣಗಾಗುತ್ತಿದ್ದಂತೆ ನೀರು ಬಿಡುತ್ತದೆ. 95ರ ಗಾಳಿಯ ಗತಿ ಊಹಿಸಿಕೊಳ್ಳಿ. ಟ್ಯಾಂಕಿನ ಹತ್ತಿರ ನೀರು ಹಿಡಿಯುವ ಒಂದು ಟ್ರ್ಯಾಪ್ ಇದ್ದರೂ ಪೈಪಿನೊಳಗೆ ಮತ್ತೆ ಹನಿಗಟ್ಟುತ್ತದೆ, ಹಾಗಾಗಿ ಏರ್‌ಬ್ರಷ್ ಬುಡದಲ್ಲಿ ಎರಡನೆಯ ಸಣ್ಣ ಟ್ರ್ಯಾಪ್ ಬೇಕೇ ಬೇಕು. ಪ್ರತಿ ಅರ್ಧ ಗಂಟೆಗೆ ಟ್ಯಾಂಕಿನ ನೀರು ಬಿಡಿ.

ಕುಶಾಲನಗರದ ಕಡೆ ಇರುವವರಿಗೆ ಇಷ್ಟು ಪಾಡಿಲ್ಲ. ಅಲ್ಲಿ ಮಳೆ ಕಡಿಮೆ, ಆಗಸ್ಟಿನಲ್ಲೂ ಒಣ ಮಧ್ಯಾಹ್ನಗಳು ಸಿಗುತ್ತವೆ. ಭಾಗಮಂಡಲ, ಮಡಿಕೇರಿ ಕಡೆಯವರು ಪೆಟ್ಟಿಗೆ ಇಲ್ಲದೆ ಲ್ಯಾಕರ್ ಮುಟ್ಟಬೇಡಿ.

ಕೈಲ್‌ಪೊಳ್ದ್ ಕಳೆದ ಮೇಲೆ: ಕಪ್ಪು

ಸೆಪ್ಟೆಂಬರಿನಲ್ಲಿ ಬೂದು ಪ್ರೈಮರ್, ಆಮೇಲೆ ಹೊಳಪು ಕಪ್ಪು. ಲೋಹದ ಲ್ಯಾಕರಿನ ದ್ರಾವಕ ಚುರುಕು, ಬರಿ ಪ್ಲಾಸ್ಟಿಕ್ ಮೇಲೆ ಬಿದ್ದರೆ ಮೇಲ್ಮೈ ಬಿರುಕುಬಿಡುತ್ತದೆ. ಪ್ರೈಮರ್ ಒಂದು ಚುಕ್ಕೆಯೂ ಬಿಡಬಾರದು. ಕಪ್ಪಿನ ಕೊನೆಯ ಸುತ್ತು ಒದ್ದೆಯಾಗಿ ಬೀಳಬೇಕು, 10ಕ್ಕೆ 1ರಷ್ಟು ರಿಟಾರ್ಡರ್ ಸೇರಿಸಿದೆ. ಬಲ್ಬಿನ ಪ್ರತಿಬಿಂಬ ಕಪ್ಪಿನಲ್ಲಿ ಅಂಚು ಚೂಪಾಗಿ ಕಂಡರೆ ಸರಿ. ಪ್ರತಿಬಿಂಬ ಕಿತ್ತಳೆ ಸಿಪ್ಪೆಯಂತೆ ಒಡೆದರೆ 2000ರಲ್ಲಿ ಉಜ್ಜಿ ಇನ್ನೊಂದು ಸುತ್ತು.

ಮೂಗಿನ ಕೆಳಗೆ, ಫಿರಂಗಿ ಬಾಯಿಯ ಹತ್ತಿರ ಜೋಡಣೆಯ ಗೆರೆ ಮತ್ತೆ ಕಂಡಿತು. ಬೂದು ಪ್ರೈಮರಿನಲ್ಲಿ ಇದು ಕಂಡಿರಲೇ ಇಲ್ಲ. ಕಪ್ಪಿನ ಕೆಲಸವೇ ಇದು, ಬೆಳ್ಳಿಗಿಂತ ಮೊದಲು ತಪ್ಪು ತೋರಿಸುವುದು. ಮತ್ತೆ ಗ್ಲೂ, ಮತ್ತೆ 600ರಿಂದ.

ಕಪ್ಪು ಮುಟ್ಟಲು ಒಣಗಿದರೂ ಒಳಗೆ ಹಸಿಯಿರುತ್ತದೆ. ಮೂಗಿಗೆ ಹಿಡಿದು ನೋಡಿ: ಥಿನ್ನರ್ ವಾಸನೆ ಇದ್ದರೆ ಇನ್ನೂ ಆರಿಲ್ಲ. ಎನಾಮೆಲ್ ಕಪ್ಪಾದರೆ ಪೆಟ್ಟಿಗೆಯಲ್ಲೂ ಒಂದು ವಾರ ಬಿಡಿ. ಹಸಿ ಕಪ್ಪಿನ ಮೇಲೆ ಬೆಳ್ಳಿ ಕೂತರೆ ಹೊಳಪು ಎರಡು ದಿನದಲ್ಲಿ ಮುಳುಗಿ ಸೀಸದ ಬಣ್ಣ ಬರುತ್ತದೆ.

ಅಕ್ಟೋಬರ್ ಕೊನೆ: ಬೆಳ್ಳಿ

ಹೈಗ್ರೋಮೀಟರ್ 58. ಆಲ್‌ಕ್ಲಾಡ್‌ನ ಪಾಲಿಶ್ಡ್ ಅಲ್ಯೂಮಿನಿಯಂ ಎಂಬ ಲೋಹದ ಲ್ಯಾಕರ್, ಥಿನ್ನರ್ ಸೇರಿಸದೆ, 12ರಿಂದ 15 ಪಿಎಸ್‌ಐ ಒತ್ತಡದಲ್ಲಿ, ಎರಡು ಮೂರು ಇಂಚು ದೂರದಿಂದ ಮಂಜಿನಂತೆ. ಮೊದಲ ಸುತ್ತಿಗೆ ಏನೂ ಆಗದಂತೆ ಕಾಣುತ್ತದೆ, ಎರಡನೆಯದಕ್ಕೆ ಕಪ್ಪು ಉಕ್ಕಾಗುತ್ತದೆ, ಮೂರನೆಯದಕ್ಕೆ ಅಲ್ಯೂಮಿನಿಯಂ. ನಾಲ್ಕನೆಯದು ಬೇಡ. ಹೆಚ್ಚಾದರೆ ಹೊಳಪು ಹೋಗಿ ಪುಡಿ ಎರಚಿದಂತಾಗುತ್ತದೆ.

ಇಡೀ ವಿಮಾನ ಒಂದೇ ಬೆಳ್ಳಿಯಾದರೆ ಆಟಿಕೆಯಂತೆ ಕಾಣುತ್ತದೆ. ನಿಜವಾದ ತಗಡುಗಳು ಬೇರೆ ಬೇರೆ ಮಿಶ್ರಲೋಹದವು, ಬೇರೆ ದಿಕ್ಕಿಗೆ ಉರುಳಿಸಿದವು. ನಾಲ್ಕೈದು ಪ್ಯಾನೆಲ್‌ಗಳಿಗೆ ಟೇಪ್ ಕಟ್ಟಿ ಡಾರ್ಕ್ ಅಲ್ಯೂಮಿನಿಯಂ, ಡ್ಯುರಾಲ್ಯೂಮಿನ್ ಕೊಟ್ಟಿದೆ. ಟೇಪನ್ನು ಮೊದಲು ಗಾಜಿಗೆ ಎರಡು ಸಲ ಅಂಟಿಸಿ ಕಿತ್ತು ಜಿಗುಟು ಕಡಿಮೆ ಮಾಡಿಕೊಳ್ಳಿ. ಬಾಲದ ಹೊಗೆಬಾಯಿಯ ಸುತ್ತ ಮಾತ್ರ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಸುಮಾರು 11 ಮೈಕ್ರಾನ್ ದಪ್ಪದ್ದು. 72ರ ಲೆಕ್ಕಕ್ಕೆ 0.8 ಮಿಲಿಮೀಟರ್ ತಗಡು, ಅಳತೆಗೆ ಇದಕ್ಕಿಂತ ಹತ್ತಿರದ್ದು ಸಿಗದು. ಇಯರ್‌ಬಡ್‌ನಿಂದ ಉಜ್ಜಿ ಕೂರಿಸಿದಾಗ ಅಡಿಯ ಗೆರೆಗಳು ತಾವಾಗಿ ಮೂಡಿದವು. ಫಾಯಿಲಿಗೆ ಮಳೆಯ ಭಯವೂ ಇಲ್ಲ.

ನವೆಂಬರ್: ಡೆಕಾಲ್, ಕ್ಯಾನಪಿ

ಹಳದಿಯಾದ ಡೆಕಾಲ್ ಹಾಳೆಯನ್ನು ಕವರಿನಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿಗೆ ಹತ್ತು ದಿನ ಅಂಟಿಸಿತ್ತು, ಬಹಳಷ್ಟು ಬೆಳ್ಳಗಾಯಿತು. ಹಳೆಯ ಹಾಳೆಯನ್ನು ನೇರ ನೀರಿಗೆ ಹಾಕಬೇಡಿ, ಚೂರಾಗುತ್ತದೆ. ಮೊದಲು ಮೇಲೊಂದು ತೆಳು ಕ್ಲಿಯರ್ ಲ್ಯಾಕರ್ ಪದರ, ಆಮೇಲೆ ಪ್ರತಿ ಗುರುತನ್ನೂ ಅಂಚಿಗೇ ಕತ್ತರಿಸಿ ತೆಗೆಯುವುದು.

ಭಾರತೀಯ ವಾಯುಪಡೆಯ ಗುರುತು ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಹಳೆಯ ಡೆಕಾಲಿನ ಕೇಸರಿ ತೆಳು, ಬೆಳ್ಳಿ ಮೇಲೆ ಕೂತರೆ ಕಂದು ಕಾಣುತ್ತದೆ. ಅದೇ ಅಳತೆಯ ಬಿಳಿ ವೃತ್ತವನ್ನು ಮೊದಲು ಕೂರಿಸಿ, ಅದರ ಮೇಲೆ ಗುರುತು ಕೂರಿಸಿದೆ. ಕೇಸರಿ ಕೇಸರಿಯಾಗಿಯೇ ಉಳಿಯಿತು.

ಕ್ಯಾನಪಿ ಮುಚ್ಚುವ ದಿನ ಆರಿಸಿಕೊಳ್ಳಬೇಕು. ತೇವದ ದಿನ ಮುಚ್ಚಿದರೆ ಆ ಗಾಳಿ ಒಳಗೇ ಉಳಿದು, ಡಿಸೆಂಬರಿನ ಚಳಿ ಬೆಳಗ್ಗೆ ಗಾಜಿನ ಒಳಮೈಯಲ್ಲಿ ಮಂಜು ಕಟ್ಟುತ್ತದೆ, ಮುಂದಿನ ಮಳೆಗಾಲಕ್ಕೆ ಸೀಟಿನ ಮೇಲೆ ಬೂಷ್ಟು. ಸೀಟಿನ ಹಿಂದಿನ ಗೋಡೆಯಲ್ಲಿ 1 ಮಿಲಿಮೀಟರ್ ತೂತು ಕೊರೆದು ಗಾಲಿಗೂಡಿನವರೆಗೆ ಗಾಳಿಗೆ ದಾರಿ ಬಿಟ್ಟಿದೆ. ಮಾದರಿಯನ್ನು ಪೆಟ್ಟಿಗೆಯಲ್ಲಿ ಎರಡು ಗಂಟೆ ಬೆಚ್ಚಗಿಟ್ಟು, ತೆಗೆದ ಕೂಡಲೇ ಬಿಳಿ ಅಂಟಿನಲ್ಲಿ ಕ್ಯಾನಪಿ ಕೂರಿಸಿತು.

ಹುತ್ತರಿ ಹೊತ್ತಿಗೆ

ಗಾಲಿ ಮತ್ತು ವೇಗ ಅಳೆಯುವ ಪಿಟೋ ಕೊಳವೆ ಉಳಿದಿದೆ. ಕೊಳವೆಗೆ ಇಂಜೆಕ್ಷನ್ ಸೂಜಿಯ ತುಂಡು.

ಮುಂದಿನ ಡಬ್ಬಿ ಹಾಕರ್ ಹಂಟರ್. 1965ರ ಸೆಪ್ಟೆಂಬರ್ 22ರಂದು ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ ಹಾರಿಸುತ್ತಿದ್ದ ಬಗೆ. ಸಿಗುವ ಕಿಟ್ ಬ್ರಿಟನ್ನಿನ ಎಫ್.6, ನಮ್ಮ ಮಾರ್ಕ್ 56ಕ್ಕೆ ಹೊಗೆಬಾಯಿಯ ಮೇಲೆ ಬ್ರೇಕ್ ಪ್ಯಾರಾಚೂಟಿನ ಗೂಡು ಸೇರಿಸಬೇಕು. ಅಲ್ಲಿಯವರೆಗೆ ಡಬ್ಬಿ ಉಕ್ಕಿನ ಬೀರುವಿನಲ್ಲಿ, ಹೊರಗೋಡೆಗೆ ತಾಗದ ಕಡೆ ಇರಲಿ. ಡೆಕಾಲ್ ಹಾಳೆ ಡಬ್ಬಿಯಲ್ಲಿ ಬೇಡ. ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಜೊತೆ. ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದ ದಿನ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ನೀಲಿ ಮಾಡಿ ಹಾಕಿ. ಹುರಿದ ಬಾಣಲೆ ಅಡುಗೆಗೆ ಬೇಡ.