ಮಳೆಗೆ ಮೂಕವಾದ ‘ಶರಪಂಜರ’

ಜುಲೈ ತಿಂಗಳ ಒಂದು ಮಧ್ಯಾಹ್ನ. ವಿರಾಜಪೇಟೆ ಕಡೆಯ ನಮ್ಮ ಕಾಲೇಜಿನಲ್ಲಿ ಬಿಎ ಮಕ್ಕಳಿಗೆ ‘ಶರಪಂಜರ’ ಸಿನಿಮಾದ ಉಳಿದರ್ಧ ತೋರಿಸಲು ಕೂತಿದ್ದೆ. ಅದಕ್ಕೆ ಆಧಾರವಾದ ತ್ರಿವೇಣಿಯವರ ಕಾದಂಬರಿಯನ್ನು ಮೊದಲೇ ಕ್ಲಾಸಿನಲ್ಲಿ ಓದಿ ಮುಗಿಸಿದ್ದೆವು.

ಇಲ್ಲಿನ ಮಕ್ಕಳಿಗೆ ಈ ಸಿನಿಮಾ ಅಂದರೆ ಮೊದಲು ನೆನಪಾಗುವುದು ‘ಕೊಡಗಿನ ಕಾವೇರಿ’ ಹಾಡು. ಕಥೆಯ ಕಾವೇರಿ ನಮ್ಮ ಹೊಳೆಯಲ್ಲ, ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬಿದ್ದ ಹೆಣ್ಣು ಅನ್ನುವುದು ಪುಸ್ತಕ ಓದುವ ತನಕ ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ. ಮೊದಲರ್ಧ ನೋಡಿ ಅವರು ಬರೆದು ತಂದ ಹೋಲಿಕೆಗಳೂ ಒಂದೇ ಥರ ಇದ್ದವು. ಇದು ಪುಸ್ತಕದಲ್ಲಿದೆ, ಸಿನಿಮಾದಲ್ಲಿಲ್ಲ. ಅದು ಸಿನಿಮಾದಲ್ಲಿದೆ, ಪುಸ್ತಕದಲ್ಲಿಲ್ಲ. ನನಗೆ ಬೇಜಾರಾಗಿತ್ತು. ಲೆಕ್ಕ ಸರಿಯಾಗಿತ್ತು, ಆದರೆ ಯಾರಿಗೂ ಕಾವೇರಿಯ ಸಂಕಟ ತಾಗಿದ ಹಾಗೆ ಕಾಣಲಿಲ್ಲ.

ಕಾವೇರಿ ಆಸ್ಪತ್ರೆಯಿಂದ ಮನೆಗೆ ಬಂದ ಭಾಗ ಶುರುವಾಗುವ ಹೊತ್ತಿಗೆ ಮಳೆ ಹಿಡಿಯಿತು. ನಮ್ಮದು ಶೀಟಿನ ಛಾವಣಿ. ಮಳೆ ಜೋರಾದರೆ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ, ಇನ್ನು ಸ್ಪೀಕರ್ ಎಲ್ಲಿ ಕೇಳಬೇಕು? ನಿಲ್ಲಿಸೋಣ ಅಂದುಕೊಂಡೆ. ಮಕ್ಕಳು ಬೇಡ ಅಂದರು. ಮಾತಿಲ್ಲದ ಸಿನಿಮಾ ಹಾಗೇ ಓಡಿತು. ಪರದೆಯ ಮೇಲೆ ಬರೀ ಕಾವೇರಿಯಾಗಿ ನಟಿಸಿದ ಕಲ್ಪನಾ ಅವರ ಮುಖ, ಸುತ್ತ ಮನೆಯವರ ಕಣ್ಣುಗಳು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು ನನ್ನ ಕಿವಿಯ ಹತ್ತಿರ ಜೋರಾಗಿ ಹೇಳಿದಳು. “ಮೇಡಂ, ಪುಸ್ತಕ ಓದುವಾಗ ನಾವು ಕಾವೇರಿಯ ಮನಸ್ಸಿನೊಳಗೆ ಇದ್ವಿ. ಇಲ್ಲಿ ನಾವೂ ಅವಳನ್ನ ನೋಡೋರ ಜೊತೆ ಸೇರ್ಕೊಂಡ್ವಿ ಅಲ್ವಾ?”

ನಾನು ಸಿನಿಮಾ ನಿಲ್ಲಿಸಿ, ಅವಳ ಮಾತನ್ನು ದೊಡ್ಡ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆದೆ. ಎಷ್ಟೋ ವರ್ಷದಿಂದ ಈ ಪಾಠ ಮಾಡುತ್ತಿದ್ದರೂ ನನಗೆ ಅದು ಹೊಳೆದಿರಲಿಲ್ಲ. ಕಾವೇರಿ ಏನು ಯೋಚಿಸುತ್ತಾಳೆ ಅನ್ನುವುದನ್ನು ಮನಃಶಾಸ್ತ್ರ ಓದಿದ್ದ ತ್ರಿವೇಣಿ ನೇರವಾಗಿ ಬರೆಯಬಹುದು. ನಿರ್ದೇಶಕ ಪುಟ್ಟಣ್ಣ ಕಣಗಾಲ್ ಅದನ್ನು ಮುಖದ ಮೇಲೆ ತರಿಸಬೇಕು. ಆ ಮುಖ ನೋಡುತ್ತಾ ‘ಇವಳಿಗೆ ನಿಜವಾಗಿ ವಾಸಿಯಾಗಿದೆಯಾ?’ ಅಂತ ನಾವೂ ಅನುಮಾನ ಪಡುತ್ತೇವೆ. ಮನೆಯವರು ಮಾಡಿದ್ದೂ ಅದನ್ನೇ.

ಒಬ್ಬ ಹುಡುಗ ಒಪ್ಪಲಿಲ್ಲ. ಕ್ಲೋಸಪ್‌ನಲ್ಲಿ ತಾನು ಅವಳ ಪರವೇ ಇದ್ದೆ ಅಂದ. ಕೂಗಾಡಿಕೊಂಡೇ ಅರ್ಧ ಗಂಟೆ ವಾದ ನಡೆಯಿತು. ಯಾರೋ ಪುಸ್ತಕ ತೆಗೆದು ಅದೇ ಭಾಗ ಹುಡುಕತೊಡಗಿದರು. ಇನ್ನೊಬ್ಬಳು ಕೇಳಿದಳು: “ತ್ರಿವೇಣಿಯವರು ಸಿನಿಮಾ ನೋಡಿ ಏನಂದ್ರು?” ಅವರು 1963ರಲ್ಲೇ ತೀರಿಕೊಂಡರು, ಸಿನಿಮಾ ಬಂದದ್ದು 1971ರಲ್ಲಿ ಅಂದೆ. ಅಷ್ಟು ಹೊತ್ತಿನ ಗಲಾಟೆ ನಿಂತು ಮಳೆಯ ಸದ್ದೊಂದೇ ಉಳಿಯಿತು.

ನಾಲ್ಕು ಗಂಟೆಗೆ ಮಳೆ ಸ್ವಲ್ಪ ಕಡಿಮೆಯಾಯಿತು. ಸಿನಿಮಾ ಮತ್ತೆ ಹಾಕಿದಾಗ ಮಾತು, ಸಂಗೀತ ಎಲ್ಲ ಚೆನ್ನಾಗಿ ಕೇಳಿಸಿತು. ಎರಡು ನಿಮಿಷ ಆಗಿರಬೇಕು, ವಾದ ಮಾಡಿದ್ದ ಹುಡುಗನೇ ಕೈ ಎತ್ತಿದ.

“ಮೇಡಂ, ಆ ಭಾಗ ಇನ್ನೊಂದ್ಸಲ ಹಾಕಿ. ಸೌಂಡ್ ಬೇಡ.”